ಒಂದು ಕಪಾಟು ಚರಿತ್ರೆ

ಓದಲು ಯೋಗ್ಯವಾದ ಇತಿಹಾಸದ ಪುಸ್ತಕ ಯಾವುದು ಎಂದು ನಾಲ್ಕು ಜನರಿಗೆ ಹೇಳುವುದರಲ್ಲಿ ಎಡವಟ್ಟಾಗಲು ಏನಿದೆ? ಏನೂ ಇಲ್ಲ. ಬಾಯಿ ತೆರೆಯಬೇಕು, ಪುಸ್ತಕದ ಹೆಸರು ಹೇಳಬೇಕು, ಬಾಯಿ ಮುಚ್ಚಬೇಕು. ಮೂರನೆಯದು ನಿಮಗೆ ಸ್ವಲ್ಪ ಕಷ್ಟವಾದೀತು ಎಂದು ನನ್ನ ಹೆಂಡತಿ ಗಿರಿಜ ಮೊದಲೇ ಎಚ್ಚರಿಸಿದ್ದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ತಲ್ಲೂರಿನಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ. ಗಲ್ಲಾಪೆಟ್ಟಿಗೆಯ ಪಕ್ಕ ಯಾವುದಾದರೊಂದು ಚರಿತ್ರೆಯ ಪುಸ್ತಕ ಸದಾ ತೆರೆದುಕೊಂಡೇ ಇರುತ್ತದೆ. ಗಿರಾಕಿ ಬಂದು ಅರ್ಧ ಇಂಚಿನ ಎಲ್ಬೋ ಕೇಳಿದರೆ, ನಾನು ಕೈಯಲ್ಲಿದ್ದ ಪುಟ ಮುಗಿಸಿ ಎದ್ದು ಕೊಡುತ್ತೇನೆ. ಅಷ್ಟರಲ್ಲಿ ಅವನು ಪಕ್ಕದ ಅಂಗಡಿಯಿಂದ ತೆಗೆದುಕೊಂಡು ಹೋಗಿ ಪೈಪು ಜೋಡಿಸಿ ನೀರು ಬಿಟ್ಟಿರುತ್ತಾನೆ. ಇರಲಿ, ಅವನಿಗೆ ನೀರು, ನನಗೆ ಜ್ಞಾನ.

ನನಗೆ ಸಿಟ್ಟು ಜಾಸ್ತಿ ಎಂದು ಊರಿನವರು ಹೇಳುತ್ತಾರೆ. ಅದು ಅಪಪ್ರಚಾರ. ಸುಳ್ಳು ಕೇಳಿದಾಗ ಮಾತ್ರ ನನಗೆ ಸಿಟ್ಟು ಬರುವುದು. ಬೆಳಿಗ್ಗೆ ಕಣ್ಣು ಬಿಟ್ಟಲ್ಲಿಂದ ಮಲಗುವವರೆಗೆ ಸುಳ್ಳೇ ಕೇಳಿಸುತ್ತಿದ್ದರೆ ಅದಕ್ಕೆ ನಾನು ಹೊಣೆಯೇ? ಅದರಲ್ಲೂ ಚರಿತ್ರೆಯ ಬಗ್ಗೆ ಸುಳ್ಳು ಹೇಳಿದರೆ ನನ್ನ ಕಿವಿಯ ತುದಿ ಕೆಂಪಾಗುತ್ತದೆ. ಇದನ್ನು ನಾನು ಕಂಡವನಲ್ಲ, ಗಿರಿಜ ಹೇಳಿದ್ದು.

ನಮ್ಮದೊಂದು ಇತಿಹಾಸಾಸಕ್ತರ ಬಳಗವಿದೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಒಂದಿಷ್ಟು ಜನ ತಿಂಗಳಿಗೊಂದು ಭಾನುವಾರ ಬ್ರಹ್ಮಾವರದ ಒಂದು ಹಳೆ ಕಟ್ಟಡದ ಮಾಳಿಗೆಯಲ್ಲಿ ಸೇರುತ್ತೇವೆ. ಉಳಿದ ದಿನಗಳಲ್ಲಿ ವಾಟ್ಸಾಪಿನಲ್ಲಿ ಸೇರುತ್ತೇವೆ. ಮಾಳಿಗೆಯಲ್ಲಾದರೆ ಚಹಾ, ಬನ್ಸ್ ಸಿಗುತ್ತದೆ. ವಾಟ್ಸಾಪಿನಲ್ಲಿ ಬರೀ ಸುಳ್ಳು ಸಿಗುತ್ತದೆ.

ಆ ಸುಳ್ಳಿನ ಸರಬರಾಜುದಾರ ಬೈಂದೂರು ಕಡೆಯ ಶೀನಣ್ಣ. ಒಂದು ದಿನ ಅವನಿಂದ ಒಂದು ಸಂದೇಶ ಬಂತು. ಬಾರ್ಕೂರಿನಿಂದ ಬೈಂದೂರಿನವರೆಗೆ ಹಿಂದೆ ಒಂದು ಸುರಂಗವಿತ್ತಂತೆ. ರಾಜನ ಕುದುರೆ ಸವಾರರು ಅದರಲ್ಲೇ ಓಡಾಡುತ್ತಿದ್ದರಂತೆ. ಹೆಮ್ಮೆಯಿಂದ ಎಲ್ಲರಿಗೂ ಕಳಿಸಬೇಕಂತೆ! ನಾನು ಎಲ್ಲ ಸುಳ್ಳಿಗೂ ಹಾಕುವ ಒಂದೇ ಪ್ರಶ್ನೆ ಹಾಕಿದೆ: ಆಧಾರ ಎಲ್ಲಿದೆ? ಶೀನಣ್ಣ ಕೈಮುಗಿದ ಚಿತ್ರ ಕಳಿಸಿದ. ನಡುವೆ ಅಷ್ಟೆಲ್ಲ ಹೊಳೆ ಇದೆಯಲ್ಲ ಮಾರಾಯ ಎಂದೆ. ಸುರಂಗ ಹೊಳೆಯ ಅಡಿಯಿಂದ ಹೋಗಿತ್ತು ಎಂದ. ಕುದುರೆಗೆ ಗಾಳಿ ಎಲ್ಲಿಂದ ಎಂದೆ. ಆಗಿನ ಕಾಲದ ಕುದುರೆಗಳು ಗಟ್ಟಿ ಇದ್ದವು ಎಂದು ಬರೆದ. ಅದಕ್ಕೆ ಆರು ಜನ ಹೆಬ್ಬೆರಳು ಎತ್ತಿ ಮೆಚ್ಚಿಗೆ ಸೂಚಿಸಿದರು!

ನಾನು ಮೊಬೈಲನ್ನು ಪೈಂಟಿನ ಡಬ್ಬಿಯ ಮೇಲೆ ಕುಕ್ಕಿದೆ. ನೀವು ಯಾರೂ ಜನ್ಮದಲ್ಲಿ ಒಂದು ನೆಟ್ಟಗಿನ ಚರಿತ್ರೆಯ ಪುಸ್ತಕ ಓದಿದವರಲ್ಲ, ಅದಕ್ಕೇ ಸುರಂಗದಲ್ಲಿ ಕುದುರೆ ಓಡಿಸುತ್ತೀರಿ, ಯಾವುದನ್ನು ಓದಬೇಕೆಂದು ನಾನು ಹೇಳುತ್ತೇನೆ ಎಂದು ಬರೆದು ಹಾಕಿದೆ. ಬರೆದಾದ ಮೇಲೆ ಮನಸ್ಸಿಗೆ ಬಹಳ ಹಗುರವಾಯಿತು.

ಅದನ್ನು ನಿಜಕ್ಕೂ ಓದಿದವರು ಒಬ್ಬರೇ, ಸಿದ್ದಾಪುರದ ಮಹಾಬಲಣ್ಣ. ರಬ್ಬರ್ ತೋಟದ ಯಜಮಾನರು, ಮಾತು ಕಡಿಮೆ, ಕೈ ದೊಡ್ಡದು. ಬಳಗಕ್ಕೆ ಏನಾದರೂ ಕೊಡಬೇಕೆಂದು ಅವರ ಮನಸ್ಸಿನಲ್ಲಿ ಬಹಳ ದಿನದಿಂದ ಇತ್ತು. ನಮ್ಮ ಬಳಗದ ಹಿರಿಯರಾದ ರಾಮಚಂದ್ರ ಮಾಷ್ಟ್ರಿಗೆ ಅವರು ಫೋನು ಮಾಡಿ, ಒಂದು ಕಪಾಟು ಮತ್ತು ಅದು ತುಂಬುವಷ್ಟು ಇತಿಹಾಸದ ಪುಸ್ತಕ ಕೊಡಿಸುತ್ತೇನೆ, ಯಾವ ಪುಸ್ತಕ ಎಂದು ರಾಜೀವಣ್ಣ ಸಭೆಯಲ್ಲಿ ಹೇಳಲಿ, ಜನರಿಗೆ ಓದಬೇಕೆಂದು ಅನ್ನಿಸಿದರೆ ಪುಸ್ತಕ, ಇಲ್ಲವಾದರೆ ಒಂದು ಮೈಕ್ ಸೆಟ್ ಕೊಟ್ಟು ಕೈತೊಳೆದುಕೊಳ್ಳುತ್ತೇನೆ ಎಂದರಂತೆ. ರಾಜೀವಣ್ಣ ಎಂದರೆ ನಾನೇ.

ಒಂದು ಕಪಾಟು ಚರಿತ್ರೆ! ನಾನು ಅಂದು ಅಂಗಡಿಯಲ್ಲಿ ಮೊಳೆ ತೂಗುವಾಗಲೂ ಆ ಕಪಾಟನ್ನೇ ಕಾಣುತ್ತಿದ್ದೆ. ಗಾಜಿನ ಬಾಗಿಲು, ಒಳಗೆ ಸಾಲು ಸಾಲು ಪುಸ್ತಕ, ಎದುರಿಗೆ ಕನ್ನಡಕ ಹಾಕಿಕೊಂಡು ನಾಚಿಕೆಯಿಂದ ಓದುತ್ತ ಕೂತ ಶೀನಣ್ಣ. ನಮ್ಮ ಸೀಮೆಯಲ್ಲಿ ಸುಳ್ಳು ನಿಲ್ಲಿಸಬಹುದಾದ ಒಂದೇ ಅವಕಾಶ ಅದು. ಅದು ನನ್ನ ನಾಲಿಗೆಯ ಮೇಲೆ ನಿಂತಿತ್ತು.

ನಾನು ನಾಲ್ಕು ಪುಸ್ತಕ ಆರಿಸಿದೆ. ಅವುಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೇಳಿ ಆದದ್ದು ಸಾಕು. ಒಂದು ಶಾಸನಗಳದ್ದು, ಒಂದು ಗೇಣಿ ಮತ್ತು ತೆರಿಗೆಯದ್ದು, ಒಂದು ಚರಿತ್ರೆಯನ್ನು ಹೇಗೆ ಪರೀಕ್ಷಿಸಬೇಕು ಎಂಬುದರದ್ದು. ನಾಲ್ಕನೆಯದೇ ನನ್ನ ಪ್ರಾಣ. ಕೆಂಪು ರಟ್ಟಿನ, ನಮ್ಮ ಕರಾವಳಿಯ ಬಂದರುಗಳ ಚರಿತ್ರೆ. ಅದನ್ನು ಬರೆದ ಪುಣ್ಯಾತ್ಮ ಗೊತ್ತಿದ್ದನ್ನು ಆಧಾರ ಕೊಟ್ಟು ಹೇಳುತ್ತಾನೆ, ಗೊತ್ತಿಲ್ಲದ ಕಡೆ ನೇರವಾಗಿ 'ಇದು ಗೊತ್ತಿಲ್ಲ' ಎಂದು ಬರೆಯುತ್ತಾನೆ. ಗೊತ್ತಿಲ್ಲ ಎನ್ನಲು ಧೈರ್ಯ ಇರುವವನ ಪುಸ್ತಕವನ್ನು ಮಾತ್ರ ನಂಬಬೇಕು, ಇದು ನನ್ನ ಸಿದ್ಧಾಂತ. ಅಂಗಡಿಗೆ ನಲ್ಲಿ ಕೇಳಿಕೊಂಡು ಬಂದವರಿಗೂ ನಾನು ಇದನ್ನು ಬೋಧಿಸಿದ್ದೇನೆ.

ಹಾಗೆ ಬೋಧನೆ ಕೇಳಿದವರಲ್ಲಿ ಒಬ್ಬ ಬ್ರಹ್ಮಾವರದ ವಾಸಣ್ಣ. ತೆಂಗಿನಕಾಯಿ ವ್ಯಾಪಾರಿ, ನಮ್ಮ ಬಳಗದವನೇ. ಅವನ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ನನ್ನ ಸರ್ವನಾಶದಲ್ಲಿ ಅವನ ಪಾಲು ಇದೆ. ಆದರೆ ಅವನದೇನೂ ತಪ್ಪಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸುವ ವಿಷಯ.

ನಮ್ಮ ಕಡೆ ಮಳೆಗಾಲದಲ್ಲಿ ಯಕ್ಷಗಾನದ ಮೇಳಗಳು ಗೂಡು ಸೇರಿದ ಮೇಲೆ ತಾಳಮದ್ದಳೆ ಶುರುವಾಗುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ್ಯ ಹಾಡುತ್ತಾರೆ, ಎದುರುಬದುರು ಕೂತ ಇಬ್ಬರು ಅರ್ಥ ಹೇಳುತ್ತಾ ಮಾತಿನಲ್ಲೇ ಯುದ್ಧ ಮಾಡುತ್ತಾರೆ. ಅಲ್ಲಿ ನಿಮ್ಮ ಸ್ವಂತ ಅಭಿಪ್ರಾಯ ಯಾರಿಗೂ ಬೇಡ. ಯಾವ ಪಾತ್ರ ಬಂತೋ ಆ ಪಾತ್ರದ ಕಡೆ ನಿಂತು ಎದುರಿನವನ ಮಾತನ್ನು ಮುರಿಯಬೇಕು. ನಮ್ಮ ಬಳಗದ ಮುಕ್ಕಾಲು ಪಾಲು ಜನ ಇದೇ ಅಭ್ಯಾಸದವರು. ರಾಮಚಂದ್ರ ಮಾಷ್ಟ್ರೇ ನಮ್ಮ ಭಾಗವತರು.

ಹೋದ ಮಳೆಗಾಲದ ಕೂಟದಲ್ಲಿ ವಾಸಣ್ಣ ರಾಜ, ನಾನು ಅವನನ್ನು ಖಂಡಿಸುವ ಮಂತ್ರಿ. ನಾನು ಚೆನ್ನಾಗಿಯೇ ಶುರು ಮಾಡಿದೆ. ಅವನು ಎಲೆಯಡಿಕೆ ಜಗಿಯುತ್ತಾ ಕೇಳಿದ, ಗಂಭೀರವಾಗಿ, ಇಡೀ ಸಭೆಗೆ ಕೇಳಿಸುವ ಹಾಗೆ: "ಮಂತ್ರಿಯೇ, ನಿನ್ನ ಈ ಮಾತಿಗೆ ಆಧಾರವೇನು?"

ನನ್ನನ್ನು! ಜಗತ್ತಿಗೆಲ್ಲ ಆಧಾರ ಕೇಳುವ ನನ್ನನ್ನು! ಲೋಟ ಎತ್ತಿ ನೀರು ಕುಡಿದೆ. ಮತ್ತೆ ಕುಡಿದೆ. ಲೋಟ ಖಾಲಿಯಾದ ಮೇಲೂ ಕುಡಿದೆ. ಕೊನೆಗೆ ಮಾಷ್ಟ್ರು ಕನಿಕರದಿಂದ ಮುಂದಿನ ಪದ್ಯ ಎತ್ತಿಕೊಂಡು ನನ್ನನ್ನು ಕಾಪಾಡಿದರು. ಜನ ನಕ್ಕರು. ಆ ನಗೆಯನ್ನು ನಾನು ಮರೆಯಲಿಲ್ಲ.

ವಾಸಣ್ಣನಿಗೆ ಅದು ನೆನಪೂ ಇರಲಿಲ್ಲ. ದೀಪಾವಳಿಯ ಹೊತ್ತಿಗೆ ನಲ್ಲಿ ಕೊಳ್ಳಲು ಅಂಗಡಿಗೆ ಬಂದವನು, ನೀವು ಅಷ್ಟೆಲ್ಲ ಓದಿದವರು, ನನಗೂ ಒಂದು ಪುಸ್ತಕ ಕೊಡಿ ಎಂದ. ಇವನಿಗೆ ಬುದ್ಧಿ ಬರಲಿ ಎಂಬ ಸಿಟ್ಟಿನಲ್ಲೇ ಕೆಂಪು ರಟ್ಟಿನ ಪುಸ್ತಕ ಕೊಟ್ಟೆ, ಜೊತೆಗೆ ನನ್ನ ಸಿದ್ಧಾಂತವನ್ನೂ ಕೊಟ್ಟೆ. ಅವನು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೋದ. ನಲ್ಲಿ ಮರೆತು ಹೋದ.

ಸಭೆಗೆ ಆ ಪುಸ್ತಕ ಬೇಕಲ್ಲ? ಫೋನು ಮಾಡಿದೆ. ನಾನೇ ತೆಗೆದುಕೊಂಡು ಬರುತ್ತೇನೆ, ನೀವು ಹೊತ್ತುಕೊಂಡು ತಿರುಗಬೇಡಿ ಎಂದ. ದನಿಯಲ್ಲಿ ಎಷ್ಟು ವಿನಯವಿತ್ತೆಂದರೆ ನನಗೆ ಅನುಮಾನವೇ ಬಂತು.

ಭಾನುವಾರ ಬೆಳಿಗ್ಗೆ ನಾನು ಗಿರಿಜಳ ಎದುರು ಭಾಷಣದ ಪೂರ್ವಾಭ್ಯಾಸ ಮಾಡಿದೆ. ಅವಳು ಮೆಟ್ಟುಗತ್ತಿಯಲ್ಲಿ ಬಾಳೆಕಾಯಿ ಹೆಚ್ಚುತ್ತಾ ಕೇಳಿದಳು. ಕೇಳಿದಳು ಎನ್ನುವುದಕ್ಕಿಂತ, ಎದ್ದು ಹೋಗಲಿಲ್ಲ ಎನ್ನಬಹುದು. ಕೊನೆಗೆ ಅವಳು ಕೊಟ್ಟ ಸಲಹೆಗಳು ಎರಡು.

"ಹ್ವಾಯ್, ನಾಲ್ಕ್ ಹೆಸ್ರ್ ಹೇಳಿ ಕೂಕಣಿ. ಯಾರೆಂತ ಹೇಳ್ರೂ ಏಳೂಕ್ ಹೋಗ್ಬೇಡಿ. ಮತ್ತ್ ಆ ನೀಲಿ ಚೌಕುಳಿ ಅಂಗಿ ಹಾಕಂಬೇಡಿ, ಯಾರಾರೂ ಫೋಟೊ ತೆಗ್ದ್ರೆ ಅದೊಂದೇ ಕಾಂತ್."

ಎರಡೂ ಸಲಹೆಗಳನ್ನು ತಿರಸ್ಕರಿಸಿ, ನೀಲಿ ಚೌಕುಳಿ ಅಂಗಿ ಹಾಕಿಕೊಂಡು ಹೊರಟೆ.

ಕುಂದಾಪುರದಲ್ಲಿ ಬ್ರಹ್ಮಾವರದ ಕಡೆಗೆ ಹೋಗುವ ಬಸ್ಸು ಹತ್ತಿದೆ. ಪಕ್ಕದ ಸೀಟಿನಲ್ಲಿ ಕೂತ ಹಿರಿಯರೊಬ್ಬರು ಮೊಬೈಲಿನಲ್ಲಿ ಏನೋ ನೋಡುತ್ತಿದ್ದರು. ಒಳ್ಳೆಯ ಮನುಷ್ಯರು, ನನಗೂ ತೋರಿಸಿದರು. ಸುರಂಗ! ಅದೇ ಸುರಂಗ! ಈಗ ಅದಕ್ಕೆ ಹಿನ್ನೆಲೆ ಸಂಗೀತವೂ ಬಂದಿತ್ತು. ಸಮಾಧಾನದಿಂದ ಇರಬೇಕೆಂದು ನಾನು ಕಿಟಕಿಯ ಕಡೆ ತಿರುಗಿದೆ. ಆದರೆ ಹಿರಿಯರು, ಕಾಣಿ, ಹಿಂದಿನವರ ತಲೆಯೇ ತಲೆ ಎಂದರು. ನಾನು ಇತ್ತ ತಿರುಗಿದೆ.

ಬಾರ್ಕೂರಿನಿಂದ ಬೈಂದೂರಿನ ತನಕ ಇರುವ ಹೊಳೆಗಳನ್ನು ಒಂದೊಂದಾಗಿ ಬೆರಳು ಮಡಚಿ ಲೆಕ್ಕ ಹಾಕಿ ತೋರಿಸಿದೆ. ಬಂಡೆಗಲ್ಲಿನಂತೆ ಕೂತು ಕೇಳಿದ ಹಿರಿಯರು ಶಾಂತವಾಗಿ, "ನೀವ್ ಆ ಸುರಂಗ ಕಂಡಿದ್ರ್ಯಾ?" ಎಂದರು. ಇಲ್ಲ ಎಂದೆ. "ಹಾಂಗಾರೆ ಇಲ್ಲೆ ಅಂದೇಳಿ ಹ್ಯಾಂಗ್ ಹೇಳ್ತ್ರಿ?" ಎಂದರು. ಹಿಂದಿನ ಸೀಟಿನವರು ಹೌದು ಹೌದು ಎಂದರು. ಕಂಡಕ್ಟರ್ ಕೂಡ ಟಿಕೆಟ್ ಕೊಡುವುದು ಬಿಟ್ಟು, ತನ್ನ ಅಜ್ಜಿಯೂ ಸುರಂಗದ ಸುದ್ದಿ ಹೇಳುತ್ತಿದ್ದಳು ಎಂದ. ನಾನು ಎದ್ದು ನಿಂತು ಇಡೀ ಬಸ್ಸಿಗೆ ಆಧಾರ ಎಂದರೇನು ಎಂದು ವಿವರಿಸತೊಡಗಿದೆ. ಅಜ್ಜಿ ಆಧಾರವಲ್ಲ ಎಂದೆ. ಆ ಮಾತು ಬಸ್ಸಿನಲ್ಲಿದ್ದ ಅಜ್ಜಿಯರಿಗೆ ಹಿಡಿಸಲಿಲ್ಲ.

ವಿವರಣೆ ಮುಗಿದಾಗ ಬ್ರಹ್ಮಾವರ ಹಿಂದೆ ಹೋಗಿತ್ತು. ಉಪ್ಪೂರಿನಲ್ಲಿ ಇಳಿಸಿದರು. ಇಳಿಯುವಾಗ ಕಂಡಕ್ಟರ್, ಸುರಂಗ ಇದ್ದಿದ್ದರೆ ನೀವು ಸಮಯಕ್ಕೆ ಸರಿಯಾಗಿ ತಲುಪುತ್ತಿದ್ದಿರಿ ಎಂದ. ಬಸ್ಸು ಹೊರಟು ಹೋದ ಮೇಲೆ ನನಗೆ ಅದಕ್ಕೊಂದು ಒಳ್ಳೆಯ ಉತ್ತರ ಹೊಳೆಯಿತು. ನನ್ನ ಒಳ್ಳೆಯ ಉತ್ತರಗಳೆಲ್ಲ ಬಸ್ಸು ಹೋದ ಮೇಲೆಯೇ ಹೊಳೆಯುವುದು.

ಮರಳಿ ಇನ್ನೊಂದು ಬಸ್ಸು ಹಿಡಿದು, ಬಿಸಿಲಿನಲ್ಲಿ ಓಡಿ, ಏದುಸಿರು ಬಿಡುತ್ತಾ ಮಾಳಿಗೆಯ ಮೆಟ್ಟಿಲು ಹತ್ತುವಾಗ ಒಳಗಿನಿಂದ ಭಾಷಣ ಕೇಳಿಸಿತು. ಒಳ್ಳೆಯ ಭಾಷಣ. ಎಲ್ಲೋ ಕೇಳಿದ ಭಾಷಣ. ಇನ್ನೆರಡು ಮೆಟ್ಟಿಲು ಹತ್ತಿದೆ. ಅದು ನನ್ನದೇ ಭಾಷಣ! ಗೊತ್ತಿಲ್ಲ ಎನ್ನಲು ಧೈರ್ಯ ಇರುವವನ ಪುಸ್ತಕವನ್ನು ಮಾತ್ರ ನಂಬಬೇಕು ಎಂದು ವಾಸಣ್ಣ ಹೇಳುತ್ತಿದ್ದ. ಅವನ ಕೈಯಲ್ಲಿ ನನ್ನ ಕೆಂಪು ಪುಸ್ತಕ, ಅದಕ್ಕೆ ವೃತ್ತಪತ್ರಿಕೆಯ ಚೊಕ್ಕ ಹೊದಿಕೆ. ಪುಸ್ತಕ ನನ್ನದು, ಮಾತು ನನ್ನದು, ಬಾಯಿ ಅವನದು.

ನಾನು ಬರದಿದ್ದುದಕ್ಕೆ ಮಾಷ್ಟ್ರೇ ಅವನನ್ನು ಏಳಿಸಿದ್ದರಂತೆ. ಅದು ನನಗೆ ಆಮೇಲೆ ಗೊತ್ತಾದದ್ದು. ಗೊತ್ತಾಗುವ ಮೊದಲೇ ಸಿಟ್ಟು ಬಂದಾಗಿತ್ತು.

ಈಗ ನಿಜ ಹೇಳಬೇಕು. ಅವನು ಚೆನ್ನಾಗಿ ಮಾತಾಡುತ್ತಿದ್ದ. ನನಗಿಂತ ಚೆನ್ನಾಗಿ. ಹಿಂದಿನ ಕಾಲದಲ್ಲಿ ಹೊಳೆಬಾಯಲ್ಲಿ ಅಕ್ಕಿ, ತೆಂಗಿನಕಾಯಿ ತುಂಬಿದ ದೋಣಿಗಳು ಗಾಳಿಗಾಗಿ ಕಾಯುತ್ತಿದ್ದ ಪುಟವನ್ನು ಅವನು ತೆರೆದು ತೋರಿಸಿದ. ತನ್ನ ಹಾಗೆಯೇ ಕಾಯಿ ರಾಶಿ ಹಾಕಿಕೊಂಡು, ದರ ಬಿದ್ದೀತೇ ಎಂದು ಹೆದರಿ ಕೂತ ವ್ಯಾಪಾರಿ ಒಬ್ಬ ಅಲ್ಲಿ ಇದ್ದಿರಬೇಕು, ಅವನ ಹೆಸರು ಈ ಪುಸ್ತಕ ಬರೆದವರಿಗೂ ಗೊತ್ತಿಲ್ಲ, ಗೊತ್ತಿಲ್ಲ ಎಂದೇ ಬರೆದಿದ್ದಾರೆ, ಅದನ್ನು ಓದಿದ ದಿನ ತನಗೆ ಊಟ ಸೇರಲಿಲ್ಲ ಎಂದ. ಶೀನಣ್ಣ ಕೂಡ ಮೊಬೈಲು ಕೆಳಗಿಟ್ಟಿದ್ದ. ಮಹಾಬಲಣ್ಣ ಪಕ್ಕದವರ ಹತ್ತಿರ, ಕಪಾಟು ಮರದ್ದೋ ಕಬ್ಬಿಣದ್ದೋ ಎಂದು ಕೇಳುತ್ತಿದ್ದರು.

ಅಂದರೆ ಕೆಲಸ ಆಗಿಹೋಗಿತ್ತು! ಕಪಾಟು ಬಂದೇಬಿಟ್ಟಿತ್ತು! ನಾನು ಮಾಡಬೇಕಾಗಿದ್ದ ಕೆಲಸ ಒಂದೇ ಒಂದು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಬನ್ಸ್ ತಿನ್ನುವುದು.

ಅಷ್ಟರಲ್ಲಿ ವಾಸಣ್ಣ ನನ್ನನ್ನು ಕಂಡ. ಮುಖ ಅರಳಿಸಿ, "ರಾಜೀವಣ್ಣ ಬಂದ್ರ್ ಕಾಣಿ. ನಾನ್ ಹೇಳದ್ರಂಗೆ ತಪ್ಪಿದ್ರೆ ಅವ್ರ್ ಹೇಳ್ಲಿ," ಎಂದು ಕೂತ. ಮಾಷ್ಟ್ರು ನನ್ನ ಕಡೆ ನೋಡಿ ತಲೆಯಾಡಿಸಿ, ಮೇಜಿನ ಈಚೆಗಿದ್ದ ಖಾಲಿ ಕುರ್ಚಿ ತೋರಿಸಿದರು. ಹೋಗಿ ಕೂತೆ. ಅವರ ಬೆರಳುಗಳು, ಬರೀ ಅಭ್ಯಾಸಬಲದಿಂದ, ಮೇಜಿನ ಮೇಲೆ ಮೆಲ್ಲಗೆ ತಾಳ ಹಾಕಿದವು.

ಆ ತಾಳ ಕೇಳಿದ್ದೇ ತಡ, ನನ್ನ ಮೈ ಬಿಸಿಯಾಯಿತು. ಎದುರಿಗೆ ವಾಸಣ್ಣ. ನಡುವೆ ಮೇಜು. ಮೇಜಿನ ಮೇಲೆ ನೀರಿನ ಲೋಟ. ನಮ್ಮ ಕಡೆಯವರಿಗೆ ಎದುರು ಕೂತವನು ಒಂದು ಪಕ್ಷ ಹಿಡಿದ ಮೇಲೆ ಉಳಿಯುವುದು ಇನ್ನೊಂದೇ ಪಕ್ಷ. ಅವನು ಪುಸ್ತಕದ ಕಡೆ. ಹಾಗಾದರೆ ನಾನು? ಬಸ್ಸಿನ ಸಿಟ್ಟು, ಮಳೆಗಾಲದ ಸಿಟ್ಟು, ಕದ್ದ ಭಾಷಣದ ಸಿಟ್ಟು ಎಲ್ಲ ಒಟ್ಟಿಗೆ ಉಕ್ಕಿತು. ನಾನು ಎದ್ದೆ.

"ಅಯ್ಯಾ ವರ್ತಕನೇ!" ಎಂದೆ. ರಾಜೀವಣ್ಣ ಮಾತಾಡಲಿಲ್ಲ, ಮಂತ್ರಿ ಮಾತಾಡಿದ. ಜನ ನೆಟ್ಟಗೆ ಕೂತರು. ನಿನ್ನ ಗ್ರಂಥಕರ್ತನು ದೋಣಿಯನ್ನು ಕಂಡನೇ? ಇಲ್ಲ. ವ್ಯಾಪಾರಿಯ ಹೆಸರನ್ನು ಬಲ್ಲನೇ? ಇಲ್ಲ. ಬಂದರು ಯಾಕೆ ಹಾಳಾಯಿತು ಎಂಬುದನ್ನಾದರೂ ಹೇಳಿದನೇ? ಅದೂ ಖಚಿತವಿಲ್ಲವಂತೆ! ಒಂದೊಂದು ಪ್ರಶ್ನೆಗೂ ಮೇಜು ಗುದ್ದಿದೆ. ಲೋಟ ಹಾರಿತು. ಇಷ್ಟು ನಿರರ್ಗಳವಾಗಿ ನಾನು ಜೀವಮಾನದಲ್ಲಿ ಮಾತಾಡಿರಲಿಲ್ಲ. ಆ ಪುಸ್ತಕದ ಒಳಹೊರಗು ನನ್ನಷ್ಟು ಬಲ್ಲವರು ಯಾರೂ ಇರಲಿಲ್ಲವಲ್ಲ, ಎಲ್ಲಿ ಹೊಡೆದರೆ ಬೀಳುತ್ತದೆ ಎಂಬುದೂ ನನಗೇ ಗೊತ್ತಿತ್ತು. ಉಳಿದ ಮೂರು ಪುಸ್ತಕಗಳನ್ನೂ ನಾನೇ ಎಳೆದು ತಂದು, ಹೆಸರು ಹಿಡಿದು ಒಂದೊಂದನ್ನೇ ಕೆಡವಿದೆ. ಕೊನೆಗೆ ತಾರಕಕ್ಕೇರಿದೆ.

"ಗೊತ್ತಿಲ್ಲ, ಗೊತ್ತಿಲ್ಲ ಎಂದು ಪುಟಪುಟಕ್ಕೂ ಬರೆದವನ ಪುಸ್ತಕವನ್ನು ನಾವೇಕೆ ಓದಬೇಕು? ಗೊತ್ತಿಲ್ಲದಿರುವುದಕ್ಕೆ ಕಪಾಟು ಬೇಕೇ? ಅದು ನಮ್ಮೆಲ್ಲರ ತಲೆಯಲ್ಲೇ ಬೇಕಾದಷ್ಟು ತುಂಬಿದೆ!"

ಮಾಳಿಗೆ ಕುಲುಕಿತು. ಚಪ್ಪಾಳೆ, ಶಿಳ್ಳೆ. ಮಾಷ್ಟ್ರು ಭಲೇ ಎಂದರು. ಶೀನಣ್ಣ ಮೊಬೈಲು ಎತ್ತಿ ಹಿಡಿದು ಚಿತ್ರೀಕರಿಸುತ್ತಿದ್ದ. ನಾನು ವಾಸಣ್ಣನ ಉತ್ತರಕ್ಕೆ ಕಾದೆ. ಅವನು ಲೋಟಕ್ಕೆ ಕೈ ಹಾಕಿದ. ನೀರು ಚೆಲ್ಲಿ ಹೋಗಿತ್ತು. ಖಾಲಿ ಲೋಟವನ್ನೇ ಕೈಯಲ್ಲಿ ಹಿಡಿದುಕೊಂಡು ಕೂತ. ಗೆದ್ದೆ! ಮಳೆಗಾಲದ ಸೇಡು ತೀರಿತು!

ಆ ಸಂತೋಷ ಮಹಾಬಲಣ್ಣ ಎದ್ದು ನಿಲ್ಲುವವರೆಗೆ ಇತ್ತು. ಅವರು ಕೈಮುಗಿದು ಎರಡೇ ಮಾತು ಆಡಿದರು.

"ಎಲ್ಲ ಪುಸ್ತಕ ಓದಿದ ರಾಜೀವಣ್ಣನೇ ಬೇಡ ಅಂದ್ರ್ ಅಂದ್ಮೇಲೆ ಪುಸ್ತಕ ಎಂತಕ್ಕೆ? ಇಷ್ಟ್ ಚಂದ ಮಾತಾಡುವವ್ರ್ ಇಪ್ಪ ಹೊತ್ತಿಗೆ ನಾನ್ ಮೈಕ್ ಸೆಟ್ಟೇ ಕೊಡ್ತೆ."

ಮತ್ತೆ ಚಪ್ಪಾಳೆ. ಮೊದಲಿಗಿಂತ ಜೋರು.

ನಾನು ಎಚ್ಚರಾದವನಂತೆ ಮಹಾಬಲಣ್ಣನ ಹಿಂದೆ ಓಡಿದೆ. ಅದು ನನ್ನ ಅಭಿಪ್ರಾಯ ಅಲ್ಲ, ಬರೀ ಅರ್ಥ, ಪುಸ್ತಕ ಬಹಳ ಒಳ್ಳೆಯದು, ನಾಲ್ಕೂ ಒಳ್ಳೆಯದು, ನಾನು ಅದನ್ನು ಹೇಳುವುದಕ್ಕೇ ಬಂದವನು ಎಂದು ಬೇಡಿಕೊಂಡೆ. ನಿಮ್ಮ ವಿನಯ ದೊಡ್ಡದು ಎಂದು ಅವರು ಬೆನ್ನು ತಟ್ಟಿದರು. ಮಾಷ್ಟ್ರ ಹತ್ತಿರ ಹೋದೆ. ಹೇಳಿದ ಅರ್ಥವನ್ನು ಹಿಂದೆ ತೆಗೆದುಕೊಳ್ಳುವ ಕ್ರಮ ನಮ್ಮಲ್ಲಿ ಇಲ್ಲ ಎಂದು ಅವರು ನಗುತ್ತಾ ಬನ್ಸ್ ಕೊಟ್ಟರು. ಅದನ್ನು ಗೋಡೆಗೆ ಎಸೆಯಬೇಕು ಅನ್ನಿಸಿತು. ಹಸಿವಾಗಿತ್ತು, ತಿಂದೆ.

ಮೆಟ್ಟಿಲ ಹತ್ತಿರ ವಾಸಣ್ಣ ನನಗಾಗಿ ನಿಂತಿದ್ದ. ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು, ನನ್ನ ಹತ್ತಿರ ಸಿಟ್ಟು ಇನ್ನೂ ಉಳಿದಿತ್ತು. ಅವನು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟ.

"ಇದ್ ಒಳ್ಳೇದ್ ಅಂದೇಳಿ ನಂಗ್ ಹೇಳದ್ದ್ ನೀವೇ ಅಲ್ದಾ, ರಾಜೀವಣ್ಣ? ನಾನ್ ನಂಬಿ ಎರಡ್ ಸರ್ತಿ ಓದ್ದೆ. ಹೀಂಗಿದ್ದ್ ಇನ್ನೊಂದ್ ಪುಸ್ತಕ ನಿಮ್ಮತ್ರ ಕೇಂಬ ಅಂದೇಳಿ ಮಾಡಿದ್ದೆ. ಇನ್ನ್ ಬೇಡ."

ಅಷ್ಟು ಹೇಳಿ ಇಳಿದು ಹೋದ. ನನ್ನ ಬೋಧನೆ ಕೇಳಿ ನಿಜವಾಗಿಯೂ ಪುಸ್ತಕ ಓದಿದ ಮನುಷ್ಯ ಇಡೀ ಸೀಮೆಯಲ್ಲಿ ಅವನೊಬ್ಬನೇ. ಅವನನ್ನೂ ನಾನೇ ಓಡಿಸಿದ್ದೆ, ಅದೂ ಚಪ್ಪಾಳೆ ಗಿಟ್ಟಿಸಿಕೊಂಡು. ಆಗ ನನ್ನ ಮೇಲೇ ನನಗೆ ಬಂದ ಸಿಟ್ಟು ಶೀನಣ್ಣನ ಮೇಲೆ ಯಾವತ್ತೂ ಬಂದದ್ದಲ್ಲ. ಮೆಟ್ಟಿಲ ಮೇಲೆ ನಿಂತು ಹೆಸರು ಹಿಡಿದು ಕರೆದೆ. ಅವನು ತಿರುಗಲಿಲ್ಲ. ಹೈವೇಯ ಸದ್ದಿನಲ್ಲಿ ಕೇಳಿಸಲಿಲ್ಲವೋ ಏನೋ, ನನಗೆ ಗೊತ್ತಿಲ್ಲ.

ಮನೆಗೆ ಬಂದಾಗ ಗಿರಿಜ, ಹೆಸರು ಹೇಳಿ ಕೂತಿರಾ ಎಂದು ಕೇಳಿದಳು. ಹೆಸರು ಹೇಳಿದೆ ಎಂದೆ. ಸುಳ್ಳೇನೂ ಅಲ್ಲ. ಕಪಾಟು ಬಂತಾ ಎಂದಳು. ಮೈಕ್ ಬಂತು ಎಂದೆ. ಅವಳು ನನ್ನ ಕಿವಿಯ ತುದಿಯನ್ನು ನೋಡಿ ಊಟ ಬಡಿಸಿದಳು.

ಮೈಕ್ ಸೆಟ್ ಬಂತು. ಉದ್ಘಾಟನೆಗೆ ನಾನೇ ಮುಖ್ಯ ಅತಿಥಿ ಆಗಬೇಕೆಂದು ಮಾಷ್ಟ್ರು ಫೋನು ಮಾಡಿದರು. ಹೊಟ್ಟೆನೋವು ಎಂದೆ. ಶೀನಣ್ಣ ಆ ಮೈಕಿನಲ್ಲಿ ಸುರಂಗದ ಬಗ್ಗೆ ಮಾತಾಡಿದನಂತೆ. ಬಹಳ ಸ್ಪಷ್ಟವಾಗಿ ಕೇಳಿಸಿತಂತೆ, ರಸ್ತೆಯ ಆಚೆಗೂ! ವಾಸಣ್ಣ ಬಂದಿರಲಿಲ್ಲವಂತೆ. ಅವನು ಮರೆತು ಹೋದ ನಲ್ಲಿ ಇನ್ನೂ ನನ್ನ ಗಲ್ಲಾಪೆಟ್ಟಿಗೆಯ ಪಕ್ಕವೇ ಇದೆ. ಅದನ್ನು ಕೊಡುವ ನೆಪದಲ್ಲಿ ಅವನ ಅಂಗಡಿಗೆ ಹೋಗಬೇಕೆಂದು ದಿನಾ ಅಂದುಕೊಳ್ಳುತ್ತೇನೆ. ಕುಂದಾಪುರದವರೆಗೆ ಹೋಗಿ ಒಮ್ಮೆ ಬಸ್ಸನ್ನೂ ಹತ್ತಿದ್ದೆ. ಅದೇ ಕಂಡಕ್ಟರ್. ಇಳಿದುಬಿಟ್ಟೆ.

ಇಷ್ಟಕ್ಕೆ ಮುಗಿದಿದ್ದರೆ ನಾನು ಹೇಗೋ ಸಹಿಸಿಕೊಳ್ಳುತ್ತಿದ್ದೆ.

ಮೊನ್ನೆ ಅಂಗಡಿಯಲ್ಲಿ ಕೂತಿದ್ದಾಗ ಗಿರಿಜಳ ತವರಿನವರ ವಾಟ್ಸಾಪ್ ಗುಂಪಿಗೆ ಮುಂಬಯಿಯಿಂದ ಅವಳ ತಮ್ಮ ಒಂದು ವಿಡಿಯೋ ಕಳಿಸಿದ. ಮೇಲೆ, ಬಹಳ ಸಲ ದಾಟಿಸಿದ ಸಂದೇಶ ಎಂಬ ಗುರುತು. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು: "ಇತಿಹಾಸ ಪುಸ್ತಕಗಳ ಬಣ್ಣ ಬಯಲು! ಪ್ರಸಿದ್ಧ ತಜ್ಞರ ಮಾತು ಕೇಳಿ, ಹಣ ಉಳಿಸಿ, ಎಲ್ಲರಿಗೂ ಕಳಿಸಿ."

ನನ್ನ ಕಿವಿ ಕೆಂಪಾಯಿತು. ಪುಸ್ತಕ ಓದಬೇಡಿ ಎನ್ನುವ ತಜ್ಞ! ಇಂಥವರಿಂದಲೇ ದೇಶ ಹಾಳಾದದ್ದು! ಇಂಥದನ್ನು ತೆರೆದು ನೋಡುವುದೇ ಪಾಪವೆಂದು ನಾನು ವಿಡಿಯೋ ತೆರೆಯಲಿಲ್ಲ. ಎದುರು ನಿಂತ ಗಿರಾಕಿಯನ್ನು ಕಾಯಿಸಿ, ಎರಡೂ ಹೆಬ್ಬೆರಳಲ್ಲಿ ಬರೆದೆ: "ಯಾವ ಮೂರ್ಖ ಶಿಖಾಮಣಿ ಇವನು? ಒಂದು ಪುಸ್ತಕವನ್ನಾದರೂ ಓದಿದ್ದಾನೆಯೇ? ಇವನ ಮಾತಿಗೆ ಆಧಾರ ಎಲ್ಲಿದೆ?"

ಅತ್ತೆ, ಮಾವ, ಷಡ್ಡಕ, ಎಲ್ಲರೂ ಅದನ್ನು ಓದಿದ ಗುರುತು ಬಂತು. ಸ್ವಲ್ಪ ಹೊತ್ತಾದ ಮೇಲೆ ಭಾವಮೈದುನನ ಒಂದೇ ಸಾಲು ಬಂತು.

"ಬಾವ, ಒಂದ್ಸಲ ವಿಡಿಯೋ ತೆಗ್ದ್ ಕಾಣಿ."

ತ್ರಾಸಿನ ಪಕ್ಕ ಮೊಬೈಲು ಒರಗಿಸಿ ತೆರೆದೆ. ಊರಿಗೆಲ್ಲ ಕೇಳುತ್ತಾ ಬಂದ ಆಧಾರ ಕೊನೆಗೂ ಸಿಕ್ಕಿತು. ನೀಲಿ ಚೌಕುಳಿ ಅಂಗಿ ಹಾಕಿಕೊಂಡು, ಮೇಜು ಗುದ್ದುತ್ತಾ ನಿಂತಿತ್ತು.